ಚೌಕಳಿ ಬಟ್ಟೆಯಲ್ಲಿ ಯಾರಿಗೆ ಪಾಲು?

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ವಾಚನಾಲಯದ ಮೇಜಿನ ಸುತ್ತ ಒಂದು ಮದುವೆಯ ಫೋಟೋ ಕೈಯಿಂದ ಕೈಗೆ ಹೋಯಿತು. ನಮ್ಮ ಹಳೆಯ ಸದಸ್ಯರೊಬ್ಬರ ಮಗ, ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಗ್ಲಾಸ್ಗೋದಲ್ಲಿ ನೆಲೆಸಿ ಅಲ್ಲಿಯ ಹುಡುಗಿಯ ಕೈಹಿಡಿದಿದ್ದಾನೆ. ಫೋಟೋದಲ್ಲಿ ಹುಡುಗಿ ಉಟ್ಟಿರುವುದು ಅತ್ತೆ ಕಳುಹಿಸಿಕೊಟ್ಟ ರೇಷ್ಮೆ ಸೀರೆ. ಹುಡುಗ ತೊಟ್ಟಿರುವುದು ಮಾವ ಹೊಲಿಸಿಕೊಟ್ಟ ಕಿಲ್ಟ್. ಇಬ್ಬರ ಮುಖದಲ್ಲೂ ನಗು. ಆದರೆ ಮೇಜಿನ ಸುತ್ತ ಕುಳಿತಿದ್ದ ನಮ್ಮಲ್ಲಿ ಚರ್ಚೆ ಎದ್ದಿತು. ಒಬ್ಬರು, “ಗಂಡಸಿಗೆ ಲಂಗವೇ?” ಎಂದು ನಕ್ಕರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಇನ್ನೊಬ್ಬರು, “ಅದರಲ್ಲಿ ಪ್ರಾಚೀನವಾದದ್ದು ಏನೂ ಇಲ್ಲ. ಎಲ್ಲ ಹತ್ತೊಂಬತ್ತನೆಯ ಶತಮಾನದ ಕಟ್ಟುಕಥೆ. ಟ್ರೆವರ್-ರೋಪರ್ ಅದನ್ನು ಎಂದೋ ಬಯಲು ಮಾಡಿದ್ದಾರೆ” ಎಂದರು. ಕೊನೆಗೆ ಹುಡುಗನ ಅಜ್ಜಿ, ಕನ್ನಡಕ ಏರಿಸಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದವರು, ಒಂದೇ ಮಾತು ಕೇಳಿದರು: “ಅದೆಲ್ಲ ಇರಲಿ ಮಗಾ, ನಾಳೆ ಇವರಿಗೆ ಮಗು ಹುಟ್ಟಿದರೆ ಅದಕ್ಕೆ ಯಾವ ಬಳಿ?”

ಆ ಮನೆಯವರು ದಕ್ಷಿಣ ಕನ್ನಡದಿಂದ ಬಂದ ಅಳಿಯಸಂತಾನದವರು. ಅವರಲ್ಲಿ ಬಳಿ ಬರುವುದು ತಾಯಿಯಿಂದ. ಈ ತಾಯಿಗೆ ಬಳಿಯಿಲ್ಲ. ಸ್ಕಾಟ್ಲೆಂಡಿನ ‘ಕ್ಲ್ಯಾನ್’ ಎಂಬ ಕುಲವಾದರೋ ತಂದೆಯ ಹೆಸರಿನ ಜೊತೆಗೆ ಬರುವಂಥದ್ದು. ಈ ತಂದೆಗೆ ಕ್ಲ್ಯಾನ್ ಇಲ್ಲ. ಅಂದರೆ ಎರಡು ಸಂಪ್ರದಾಯಗಳನ್ನೂ ಅಕ್ಷರಶಃ ಪಾಲಿಸಿದರೆ ಮಗು ಎರಡೂ ಮನೆಗಳ ಹೊರಗೆ ನಿಲ್ಲುತ್ತದೆ. ನಗೆಯಾಡಿದವರ ಮಾತಿಗಿಂತ, ವಿದ್ವಾಂಸರ ಮಾತಿಗಿಂತ, ಈ ಅಜ್ಜಿಯ ಪ್ರಶ್ನೆಯೇ ನಮ್ಮನ್ನು ಹಿಡಿದು ನಿಲ್ಲಿಸಿತು. ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಈ ವಿಷಯದ ಮೇಲಿನ ಕೆಲವು ಪುಸ್ತಕಗಳನ್ನು ಓದಿದೆವು. ಓದಿ ತೋರಿದ್ದನ್ನು ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು ವಸ್ತುವಿನ ಪರಿಚಯ. ಟಾರ್ಟನ್ ಎಂದರೆ ಬಣ್ಣದ ಉಣ್ಣೆನೂಲಿನಿಂದ ನೇಯ್ದ ಚೌಕಳಿ ಬಟ್ಟೆ. ಹಾಸಿನಲ್ಲಿ ಬಣ್ಣಗಳು ಯಾವ ಕ್ರಮದಲ್ಲಿ, ಎಷ್ಟೆಷ್ಟು ಎಳೆಯಾಗಿ ಬರುತ್ತವೆಯೋ ಸಾಮಾನ್ಯವಾಗಿ ಹೊಕ್ಕಿನಲ್ಲಿಯೂ ಅದೇ ಕ್ರಮದಲ್ಲಿ, ಅಷ್ಟಷ್ಟೇ ಎಳೆಯಾಗಿ ಬರುತ್ತವೆ. ಕೆಂಪು ಕೆಂಪನ್ನು ದಾಟಿದಲ್ಲಿ ಅಚ್ಚ ಕೆಂಪು. ಕೆಂಪು ಹಸಿರನ್ನು ದಾಟಿದಲ್ಲಿ ಎರಡೂ ಅಲ್ಲದ ಮೂರನೆಯ ಬಣ್ಣ. ಆರು ಬಣ್ಣದ ನೂಲು ಹಾಕಿದರೆ ಆರು ಅಚ್ಚ ಬಣ್ಣಗಳೂ ಹದಿನೈದು ಕೂಡುಬಣ್ಣಗಳೂ ಕಾಣುತ್ತವೆ. ಇಂಥ ಬಟ್ಟೆಯನ್ನು ಹಿಂದೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡಿನ ಗಂಡಸರು ಮೈಗೆ ಸುತ್ತಿ, ನಡುವಿಗೆ ಪಟ್ಟಿ ಬಿಗಿದು, ಉಳಿದದ್ದನ್ನು ಹೆಗಲಿಗೆ ಎಸೆದುಕೊಳ್ಳುತ್ತಿದ್ದರು. ರಾತ್ರಿ ಅದೇ ಹೊದಿಕೆ, ಮಳೆಯಲ್ಲಿ ಅದೇ ಕೊಪ್ಪೆ. ನಮ್ಮ ಕುರಿಗಾಹಿಯ ಕಂಬಳಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈಗ ನಾವು ಕಾಣುವ, ಹಿಂಬದಿಯಲ್ಲಿ ನಿರಿಗೆ ಹೊಲಿದು ಸೊಂಟದಿಂದ ಮೊಣಕಾಲಿನವರೆಗೆ ಬರುವ ಕಿಲ್ಟ್, ಆ ದೊಡ್ಡ ಹೊದಿಕೆಯ ಕೆಳಭಾಗವಷ್ಟೆ.

1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಸ್ಟುವರ್ಟ್ ವಂಶದ ಪಕ್ಷ ಹಿಡಿದ ಹೈಲ್ಯಾಂಡರು ಸೋತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಹೈಲ್ಯಾಂಡಿನ ಗಂಡಸರಿಗೂ ಹುಡುಗರಿಗೂ ಈ ಉಡುಪನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷ ಗಡೀಪಾರು. ಸರಕಾರದ ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ನಿಷೇಧ ತೆಗೆದದ್ದು 1782ರಲ್ಲಿ. ಹೀಗೆ, ಮನೆಯಲ್ಲಿ ಉಟ್ಟರೆ ಅಪರಾಧವಾಗಿದ್ದ ಬಟ್ಟೆ ರಾಜನ ಚಾಕರಿಯಲ್ಲಿ ಉಟ್ಟರೆ ಗೌರವವಾಯಿತು. ಆ ಸೈನ್ಯ ನಮ್ಮ ನೆಲಕ್ಕೂ ಬಂದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅವನ ಪಡೆಯಲ್ಲಿ ಹೈಲ್ಯಾಂಡ್ ರೆಜಿಮೆಂಟುಗಳೂ ಇದ್ದುವು. ಆಮೇಲೆ ಮೈಸೂರು ಸೀಮೆಯನ್ನು ಅಳೆದು, ಶಾಸನ ಕಡತಗಳನ್ನು ಕಲೆಹಾಕಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೆಯವನು. ಗುಡ್ಡಗಾಡಿನ ಸೋತ ಜನರ ಮಕ್ಕಳು ಗೆದ್ದವರ ಆಳುಗಳಾಗಿ ಬಂದು ನಮ್ಮ ಚರಿತ್ರೆಯಲ್ಲಿ ಸೇರಿಹೋದದ್ದು ಹೀಗೆ.

ಈಗ ನಮ್ಮ ನಿವೃತ್ತ ಅಧ್ಯಾಪಕರು ಹೇಳಿದ ಪ್ರಬಂಧಕ್ಕೆ ಬರೋಣ. ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ ಸಂಪಾದಿಸಿದ ‘ದಿ ಇನ್ವೆನ್ಷನ್ ಆಫ್ ಟ್ರೆಡಿಷನ್’ ಎಂಬ ಸಂಕಲನ 1983ರಲ್ಲಿ ಪ್ರಕಟವಾಯಿತು. ಸಂಪ್ರದಾಯಗಳು ಕೆಲವೊಮ್ಮೆ ಬೆಳೆಯುವುದಿಲ್ಲ, ತಯಾರಾಗುತ್ತವೆ ಎಂಬುದು ಅದರ ವಾದ. ಅದರಲ್ಲಿ ಹೈಲ್ಯಾಂಡ್ ಸಂಪ್ರದಾಯವನ್ನು ಕುರಿತು ಬರೆದವರು ಹ್ಯೂ ಟ್ರೆವರ್-ರೋಪರ್. ಅವರ ಗದ್ಯ ಹರಿತವಾದದ್ದು. ಓದುತ್ತ ಹೋದಂತೆ ನಗು ತಡೆಯುವುದು ಕಷ್ಟ. ಅವರ ಪ್ರಕಾರ ಚಿಕ್ಕ ಕಿಲ್ಟನ್ನು ಹೊಲಿಸಿದವನು ಹೈಲ್ಯಾಂಡಿನವನೇ ಅಲ್ಲ. ಲ್ಯಾಂಕಶೈರಿನಿಂದ ಬಂದು ಗ್ಲೆನ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ಹಾಕಿದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕ್ವೇಕರ್ ಉದ್ಯಮಿ, ತನ್ನ ಆಳುಗಳಿಗೆ ದೊಡ್ಡ ಹೊದಿಕೆ ಕೆಲಸಕ್ಕೆ ಅಡ್ಡಿಯೆಂದು ಕಂಡು ಅದನ್ನು ಕತ್ತರಿಸಿದನಂತೆ. ಇದಕ್ಕೆ ಆಧಾರ 1785ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ಪತ್ರ.

ಮುಂದಿನ ಕತೆ ಇನ್ನೂ ಸ್ವಾರಸ್ಯವಾದದ್ದು. 1822ರ ಆಗಸ್ಟಿನಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದ. ಉತ್ಸವದ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ತಗ್ಗುನಾಡಿನ ಪೇಟೆಯವರೆಲ್ಲ ಹೈಲ್ಯಾಂಡಿನ ವೇಷದಲ್ಲಿ ಬರಬೇಕೆಂದು ಕರೆ ಹೋಯಿತು. ಸ್ಥೂಲಕಾಯದ ದೊರೆಯೂ ಕಿಲ್ಟ್ ತೊಟ್ಟು, ಒಳಗೆ ಮೈಬಣ್ಣದ ಬಿಗಿ ಚಡ್ಡಿ ಹಾಕಿಕೊಂಡು ದರ್ಬಾರು ನಡೆಸಿದ. ಬ್ಯಾನಕ್‌ಬರ್ನಿನ ವಿಲಿಯಂ ವಿಲ್ಸನ್ ಕಂಪನಿಯ ಮಗ್ಗಗಳಿಗೆ ಸುಗ್ಗಿ. ಆ ಕಂಪನಿ 1819ರಲ್ಲಿಯೇ ನಮೂನೆಗಳ ಪುಸ್ತಕವೊಂದನ್ನು ಸಿದ್ಧಮಾಡಿ ಇಟ್ಟುಕೊಂಡಿತ್ತು. ಬೇಡಿಕೆ ಬಂದಂತೆ ನಮೂನೆಗಳಿಗೆ ಕುಲದ ಹೆಸರುಗಳು ಅಂಟಿಕೊಂಡವು. ಅನಂತರ ತಾವು ಸ್ಟುವರ್ಟ್ ರಾಜವಂಶದವರೆಂದು ಹೇಳಿಕೊಂಡ ಇಬ್ಬರು ಅಣ್ಣತಮ್ಮಂದಿರು 1842ರಲ್ಲಿ ‘ವೆಸ್ಟಿಯೇರಿಯಂ ಸ್ಕಾಟಿಕಂ’ ಎಂಬ ವೈಭವದ ಗ್ರಂಥ ಹೊರತಂದು, ಪ್ರತಿ ಕುಲಕ್ಕೂ ಒಂದೊಂದು ಟಾರ್ಟನ್ ಹಂಚಿಕೊಟ್ಟರು. ಹಳೆಯ ಹಸ್ತಪ್ರತಿಯಿಂದ ತೆಗೆದದ್ದೆಂದು ಅವರು ಹೇಳಿದರು. ಅಂಥ ಹಸ್ತಪ್ರತಿಯನ್ನು ಯಾರಿಗೂ ತೋರಿಸಲಿಲ್ಲ. ಅದು ಖೋಟಾ ಎಂಬುದರಲ್ಲಿ ಇಂದು ವಿದ್ವಾಂಸರಿಗೆ ಅನುಮಾನವಿಲ್ಲ. ಆದರೆ ಅದರಲ್ಲಿದ್ದ ಎಷ್ಟೋ ನಮೂನೆಗಳನ್ನು ಇಂದಿಗೂ ಜನ ತಮ್ಮ ಕುಲದ್ದೆಂದು ನಂಬಿ ಉಡುತ್ತಾರೆ.

ಇಷ್ಟನ್ನು ಒಪ್ಪಲೇಬೇಕು. ಕುಲಕ್ಕೊಂದು ಟಾರ್ಟನ್ ಎಂಬ ಕಟ್ಟುನಿಟ್ಟಿನ ಏರ್ಪಾಡು ಪ್ರಾಚೀನವಲ್ಲ. ಕಲೋಡನ್ ಕದನವನ್ನು ಚಿತ್ರಿಸಿದ ಡೇವಿಡ್ ಮೊರಿಯೆಯ ಪ್ರಸಿದ್ಧ ಚಿತ್ರದಲ್ಲಿ ಒಬ್ಬೊಬ್ಬ ಹೈಲ್ಯಾಂಡರನ ಮೈಮೇಲೆಯೇ ಎರಡು ಮೂರು ಬಗೆಯ ಚೌಕಳಿಗಳಿವೆ. ಆದರೆ ಟ್ರೆವರ್-ರೋಪರ್ ಅವರು ಇಷ್ಟಕ್ಕೆ ನಿಲ್ಲುವುದಿಲ್ಲ. ಬಟ್ಟೆಯ ಹಿಂದಿದ್ದ ಬದುಕನ್ನೂ ಅವರು ಲೇವಡಿಗೆ ಗುರಿಮಾಡುತ್ತಾರೆ. ತೋರಿಕೆಯ ಸುಳ್ಳನ್ನು ತೋರಿಸಿದರೆ ಜನವೇ ಸುಳ್ಳಾದಂತೆ ಎಂಬ ಧ್ವನಿ ಪ್ರಬಂಧದ ಉದ್ದಕ್ಕೂ ಇದೆ. ಇಲ್ಲಿ ಆಧಾರಗಳು ಅವರ ಕೈ ಬಿಡುತ್ತವೆ. 1703ರಲ್ಲಿ ಪ್ರಕಟವಾದ ಪಶ್ಚಿಮ ದ್ವೀಪಗಳ ವರ್ಣನೆಯಲ್ಲಿ ಮಾರ್ಟಿನ್ ಮಾರ್ಟಿನ್ ಎಂಬ ಲೇಖಕ, ಬಟ್ಟೆಯ ಚೌಕಳಿ ಊರಿಂದೂರಿಗೆ ಬೇರೆಯಾಗಿರುತ್ತದೆ, ಅದನ್ನು ನೋಡಿ ಮನುಷ್ಯ ಯಾವ ಕಡೆಯವನೆಂದು ಬಲ್ಲವರು ಹೇಳಬಹುದು ಎಂಬರ್ಥದ ಮಾತು ಬರೆದಿದ್ದಾನೆ. ಗ್ಲೆನ್ ಆಫ್ರಿಕ್ ಎಂಬಲ್ಲಿ ಜವುಗು ಮಣ್ಣಿನಡಿ ಸಿಕ್ಕಿದ ಟಾರ್ಟನ್ ತುಂಡನ್ನು ಪರೀಕ್ಷಿಸಿದಾಗ ಅದು ಹದಿನಾರನೆಯ ಶತಮಾನದಷ್ಟು ಹಳೆಯದೆಂದು ತಿಳಿಯಿತು. 2023ರಲ್ಲಿ ಡಂಡೀ ನಗರದ ವಿ ಅಂಡ್ ಎ ಸಂಗ್ರಹಾಲಯದ ಟಾರ್ಟನ್ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು. ಅಂದರೆ ಬಟ್ಟೆ ಹಳೆಯದು, ಊರಿನ ಗುರುತು ಹಳೆಯದು. ಕುಲದ ಪಟ್ಟಿ ಮಾತ್ರ ಹೊಸದು. ಖೋಟಾ ಕಂಡುಹಿಡಿಯುವ ವಿದ್ಯೆಯ ವಿಷಯದಲ್ಲಿ ಇನ್ನೊಂದು ಮಾತು: ಈ ಪ್ರಬಂಧ ಅಚ್ಚಾದ 1983ರಲ್ಲಿಯೇ ‘ಹಿಟ್ಲರನ ದಿನಚರಿ’ ಎಂಬ ಹಸಿ ಖೋಟಾವನ್ನು ಮೊದಲಿಗೆ ನಿಜವೆಂದು ಪ್ರಮಾಣೀಕರಿಸಿದವರೂ ಇದೇ ಟ್ರೆವರ್-ರೋಪರ್. ಇದನ್ನು ಹಂಗಿಸಲೆಂದು ಹೇಳುತ್ತಿಲ್ಲ. ಅನ್ಯರ ನಂಬಿಕೆಯನ್ನು ಪರೀಕ್ಷಿಸುವಾಗ ಇರುವ ಚುರುಕು ನಮ್ಮ ನಂಬಿಕೆಯ ವಿಷಯದಲ್ಲಿ ಇರುವುದಿಲ್ಲವೆಂಬುದು ಎಲ್ಲರಿಗೂ ಸಲ್ಲುವ ಪಾಠ.

ನಮಗೆ ಅವರ ಪ್ರಬಂಧದಲ್ಲಿ ಕಂಡ ದೊಡ್ಡ ಕೊರತೆ ಬೇರೆ. ಅವರು ಕೇಳುವುದು ‘ಇದು ಎಷ್ಟು ಹಳೆಯದು?’ ಎಂಬ ಪ್ರಶ್ನೆಯನ್ನು. ಸಂಪ್ರದಾಯದ ಅಭಿಮಾನಿಗಳು ಕೇಳುವುದೂ ಅದನ್ನೇ. ಉತ್ತರ ಮಾತ್ರ ಬೇರೆ. ಹಳೆಯದಾದರೆ ನಿಜ, ಹೊಸದಾದರೆ ಸುಳ್ಳು ಎಂಬಲ್ಲಿ ಇಬ್ಬರೂ ಒಂದೇ. ನಮ್ಮ ರಾಜ್ಯೋತ್ಸವದ ದಿನ ನಾವು ಹಾರಿಸುವ ಹಳದಿ ಕೆಂಪು ಬಾವುಟವನ್ನೇ ನೋಡೋಣ. ಮ. ರಾಮಮೂರ್ತಿಯವರು ಅದನ್ನು ರೂಪಿಸಿದ್ದು 1960ರ ದಶಕದಲ್ಲಿ. ಕದಂಬರು ಅದನ್ನು ಕಂಡಿರಲಿಲ್ಲ, ಪುಲಕೇಶಿಯೂ ಕಂಡಿರಲಿಲ್ಲ. ಹಾಗೆಂದು ಪರವೂರಿನ ಗಲ್ಲಿಯಲ್ಲಿ ಅದನ್ನು ಕಂಡಾಗ ನಮ್ಮ ಎದೆ ತುಂಬಿ ಬರುವುದು ಸುಳ್ಳೇ? ಸಂಪ್ರದಾಯವನ್ನು ಕುರಿತು ಕೇಳಬೇಕಾದದ್ದು ಅದರ ವಯಸ್ಸನ್ನಲ್ಲ. ಅದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ, ಏನನ್ನು ಮರೆಸುತ್ತದೆ? ಇವನ್ನು ಕೇಳಬೇಕು. 1822ರ ಉತ್ಸವವನ್ನು ಈ ಕಣ್ಣಿನಿಂದ ನೋಡಿದರೆ ನಗುವುದಕ್ಕೆ ಮನಸ್ಸು ಬಾರದು. ಅಂದು ಟಾರ್ಟನ್ ತೊಟ್ಟು ದೊರೆಯ ಮುಂದೆ ಮೆರೆದ ಗ್ಲೆನ್‌ಗ್ಯಾರಿಯ ಒಡೆಯನ ಜಮೀನಿನಿಂದಲೇ ಒಕ್ಕಲುಗಳನ್ನು ಎಬ್ಬಿಸಿ ಕುರಿ ಮೇಯಲು ಬಿಡಲಾಗುತ್ತಿತ್ತು. ಬಟ್ಟೆಗೆ ಪಟ್ಟಾಭಿಷೇಕವಾಗುತ್ತಿದ್ದಾಗ ಅದನ್ನು ನಿಜವಾಗಿ ಉಡುತ್ತಿದ್ದವರು ಕೆನಡಾದ ಹಡಗು ಹತ್ತುತ್ತಿದ್ದರು.

ಹಾಗೆ ಹಡಗು ಹತ್ತಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ನಡೆಸುವ ಉತ್ಸವಗಳನ್ನು ಕುರಿತದ್ದು ಸೆಲೆಸ್ಟ್ ರೇ ಅವರ ‘ಹೈಲ್ಯಾಂಡ್ ಹೆರಿಟೇಜ್’ (2001). ಅಮೆರಿಕದ ದಕ್ಷಿಣ ರಾಜ್ಯಗಳ ಸ್ಕಾಟಿಷ್ ಮೂಲದವರನ್ನು, ಅದರಲ್ಲೂ ಉತ್ತರ ಕೆರೊಲೈನಾದವರನ್ನು ಕುರಿತ ಮಾನವಶಾಸ್ತ್ರದ ಅಧ್ಯಯನ ಇದು. ಹೊರನಾಡಿನಲ್ಲಿರುವ ನಮಗೆ ಇದು ಕನ್ನಡಿಯಂಥ ಪುಸ್ತಕ. ಅಲ್ಲಿಯ ಗ್ರ್ಯಾಂಡ್‌ಫಾದರ್ ಬೆಟ್ಟದ ತಪ್ಪಲಿನಲ್ಲಿ 1956ರಿಂದ ಹೈಲ್ಯಾಂಡ್ ಕ್ರೀಡೋತ್ಸವ ನಡೆಯುತ್ತಿದೆ. ಮರದ ದಿಮ್ಮಿ ಎಸೆಯುವ ಪಂದ್ಯ, ಬ್ಯಾಗ್‌ಪೈಪ್ ಮೇಳ, ಕುಲಕ್ಕೊಂದು ಡೇರೆ. ಮೊದಲ ಸಂಜೆ ಪಂಜು ಹಿಡಿದು ಒಂದೊಂದೇ ಕುಲದ ಹೆಸರು ಕೂಗುತ್ತಾರೆ. ಕರೆಗೆ ಓಗೊಟ್ಟು ಆ ಕುಲದವರು ಮುಂದೆ ಬರುತ್ತಾರೆ. ಎಂಟು ತಲೆಮಾರು ಕಳೆದು, ನಡುವೆ ಜರ್ಮನ್, ಐರಿಷ್, ಇಂಗ್ಲಿಷ್ ಅಜ್ಜಿಯರು ಬಂದುಹೋದ ಮೇಲೂ, ಒಬ್ಬ ಸ್ಕಾಟಿಷ್ ಮುತ್ತಜ್ಜನ ಹೆಸರು ಸಾಕು ಆ ಡೇರೆಗೆ ಸೇರಲು. ತಂದೆಯ ಹೆಸರು ಹೊಂದದಿದ್ದರೆ ತಾಯಿಯ ಕಡೆಯ ಕುಲದ ಟಾರ್ಟನ್ ಉಡುವುದೂ ರೂಢಿಗೆ ಬಂದಿದೆ. ಕುಲವೇ ಗೊತ್ತಿಲ್ಲದವರಿಗೆ ಪ್ರಾಂತದ ಹೆಸರಿನ ಟಾರ್ಟನ್‌ಗಳಿವೆ.

ವಲಸೆ ಹೋದವರು ತಾಯ್ನಾಡಿನಲ್ಲಿ ಇಲ್ಲದ ಸಂಪ್ರದಾಯಗಳನ್ನೂ ಹುಟ್ಟಿಸುತ್ತಾರೆ. ಚರ್ಚಿಗೆ ಟಾರ್ಟನ್ ತಂದು ಆಶೀರ್ವಾದ ಪಡೆಯುವ ‘ಕಿರ್ಕಿಂಗ್’ ಎಂಬ ಆಚರಣೆಯನ್ನು, ನಿಷೇಧದ ಕಾಲದಲ್ಲಿ ಬಟ್ಟೆಯ ಚೂರು ಬಚ್ಚಿಟ್ಟು ತರುತ್ತಿದ್ದವರಿಂದ ಬಂದದ್ದೆಂದು ಹಲವರು ನಂಬುತ್ತಾರೆ. ವಾಸ್ತವವಾಗಿ ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಷಿಂಗ್‌ಟನ್ನಿನಲ್ಲಿದ್ದ ಸ್ಕಾಟಿಷ್ ಪಾದ್ರಿ ಪೀಟರ್ ಮಾರ್ಷಲ್ ಆರಂಭಿಸಿದ್ದು. ರೇ ಅವರು ಇಂಥದನ್ನು ಕಂಡು ನಗುವುದಿಲ್ಲ. ಜನಕ್ಕೆ ಅದು ಏಕೆ ಬೇಕಾಯಿತೆಂದು ಕೂತು ಕೇಳುತ್ತಾರೆ. ಇದು ಅವರ ಗ್ರಂಥದ ದೊಡ್ಡ ಗುಣ. ಕಲೋಡನ್ನಿನ ಸೋಲಿನ ದುಃಖವೂ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಸೋತ ದುಃಖವೂ ಈ ಉತ್ಸವಗಳಲ್ಲಿ ಒಂದಾಗಿ ಹೆಣೆದುಕೊಂಡಿರುವುದನ್ನು ಅವರು ಗುರುತಿಸುತ್ತಾರೆ. ಆದರೆ ಈ ಹೆಣಿಗೆಯಲ್ಲೇ ನಮ್ಮ ಅಸಮಾಧಾನವೂ ಇದೆ. ಸೋತ ದಕ್ಷಿಣ ಕಾದಾಡಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು. ಆ ಗುಲಾಮರಲ್ಲಿ ಎಷ್ಟು ಮಂದಿಯ ತಂದೆ, ತಾತ ಸ್ಕಾಟಿಷ್ ಒಡೆಯರು! ಜಮೈಕಾದಲ್ಲಿ ಕ್ಯಾಂಪ್‌ಬೆಲ್ ಎಂಬ ಹೆಸರು ಬಲು ಸಾಮಾನ್ಯ. ಪಂಜಿನ ಬೆಳಕಿನಲ್ಲಿ ‘ಕ್ಯಾಂಪ್‌ಬೆಲ್’ ಎಂದು ಕೂಗಿದಾಗ ಆ ಕಪ್ಪು ಕ್ಯಾಂಪ್‌ಬೆಲ್ಲರೂ ಓಗೊಟ್ಟರೆ ಡೇರೆಯಲ್ಲಿ ಜಾಗ ಮಾಡುವರೆ? ಗ್ರಂಥ ಡೇರೆಯೊಳಗಿನವರ ಮಾತನ್ನು ಆಲಿಸಿದಷ್ಟು ಗಮನವಿಟ್ಟು ಹೊರಗೆ ನಿಂತವರ ಮೌನವನ್ನು ಆಲಿಸಿಲ್ಲ.

ಆ ಮೌನದಲ್ಲಿ ಒಂದು ಧ್ವನಿಯಾದರೂ ಅಚ್ಚಿನಲ್ಲಿ ಉಳಿದಿದೆ. 1824ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ದಿ ಹಾರರ್ಸ್ ಆಫ್ ಸ್ಲೇವರಿ’ ಎಂಬ ಪುಟ್ಟ ಪುಸ್ತಕ. ಬರೆದವನು ರಾಬರ್ಟ್ ವೆಡರ್‌ಬರ್ನ್. ಈ ಮನೆತನದ ಕತೆ ಕೇಳುವಂಥದ್ದು. ಸರ್ ಜಾನ್ ವೆಡರ್‌ಬರ್ನ್ ಎಂಬವನು ಕಲೋಡನ್ನಿನಲ್ಲಿ ಸೋತ ಪಕ್ಷದವನು. 1746ರಲ್ಲಿ ರಾಜದ್ರೋಹಕ್ಕಾಗಿ ಅವನಿಗೆ ಮರಣದಂಡನೆಯಾಯಿತು. ದಿಕ್ಕೆಟ್ಟ ಮಕ್ಕಳು ಜಾನ್ ಮತ್ತು ಜೇಮ್ಸ್ ಜಮೈಕಾಕ್ಕೆ ಹೋದರು. ಅಲ್ಲಿ ಕಬ್ಬಿನ ತೋಟ ಮಾಡಿ, ಗುಲಾಮರನ್ನು ಇಟ್ಟುಕೊಂಡು ಸಿರಿವಂತರಾದರು. ಜೇಮ್ಸನಿಗೆ ರೊಸಾನಾ ಎಂಬ ಗುಲಾಮ ಹೆಣ್ಣಿನಲ್ಲಿ ಹುಟ್ಟಿದವನೇ ರಾಬರ್ಟ್. ಬಸುರಿಯಾಗಿರುವಾಗಲೇ ಅವಳನ್ನು ಬೇರೆಯವರಿಗೆ ಮಾರಲಾಗಿತ್ತು; ಹುಟ್ಟುವ ಮಗು ಸ್ವತಂತ್ರ ಎಂಬುದೊಂದೇ ದೊರೆತ ಕನಿಕರ. ಮುದುಕಿಯಾದ ಅಜ್ಜಿಗೆ ಚಾವಟಿ ಬೀಳುವುದನ್ನು ಬಾಲಕ ಕಣ್ಣಾರೆ ಕಂಡ. ದೊಡ್ಡವನಾಗಿ ಇಂಗ್ಲೆಂಡಿಗೆ ಬಂದು ದರ್ಜಿಯ ಕೆಲಸ ಹಿಡಿದ. ಕಷ್ಟದ ಕಾಲದಲ್ಲಿ ಒಮ್ಮೆ ಎಡಿನ್‌ಬರೊ ಬಳಿಯ ಇನ್ವೆರೆಸ್ಕಿನಲ್ಲಿದ್ದ ತಂದೆಯ ಬಂಗಲೆಯ ಬಾಗಿಲು ತಟ್ಟಿದ. ತಂದೆ ಸೆರೆಮನೆಗೆ ಕಳುಹಿಸುವುದಾಗಿ ಗದರಿಸಿದ. ಅಡುಗೆಯವಳು ಒಂದು ಲೋಟ ತೆಳು ಬಿಯರು ಕೊಟ್ಟಳಂತೆ. ಆಳು ಒಂದು ಸೀಳಿದ ಆರು ಪೆನ್ಸಿನ ನಾಣ್ಯ ಕೊಟ್ಟನಂತೆ. ತಂದೆಯ ಮನೆಯಿಂದ ಅವನಿಗೆ ಬಂದ ಆಸ್ತಿ ಇಷ್ಟೆ. ಮುಂದೆ ಮಲತಮ್ಮ ಪತ್ರಿಕೆಯಲ್ಲಿ, ಇವನು ನಮ್ಮವನೇ ಅಲ್ಲವೆಂದು ಬರೆದಾಗ ಅದಕ್ಕೆ ಉತ್ತರವಾಗಿ ಹುಟ್ಟಿದ್ದು ಈ ಪುಸ್ತಕ.

ಸಾಹಿತ್ಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಕ್ರಮವಿಲ್ಲ, ಸಿಟ್ಟು ಹೆಚ್ಚು. ಆದರೆ ಟ್ರೆವರ್-ರೋಪರ್ ಅವರ ಅಚ್ಚುಕಟ್ಟಾದ ವ್ಯಂಗ್ಯ ಮುಟ್ಟಲಾರದ ಜಾಗವನ್ನು ಈ ಒರಟು ಗದ್ಯ ಮುಟ್ಟುತ್ತದೆ. ಕಲೋಡನ್ನಿನ ಹುತಾತ್ಮನ ಸಾಕ್ಷಾತ್ ಮೊಮ್ಮಗ ಈ ಕಪ್ಪು ದರ್ಜಿ. ರಕ್ತಸಂಬಂಧವೇ ಸಂಪ್ರದಾಯದ ಆಧಾರವಾಗಿದ್ದಲ್ಲಿ ಅವನ ಹಕ್ಕು ಎಲ್ಲರಿಗಿಂತ ಮುಂದೆ. ನಮ್ಮ ದೇಶದಲ್ಲಿಯೂ ಇದಕ್ಕೆ ಜೊತೆಯಿದೆ. ದೆಹಲಿಯ ಸದಸ್ಯರು ಕಾಶ್ಮೀರಿ ಗೇಟಿನ ಸೇಂಟ್ ಜೇಮ್ಸ್ ಚರ್ಚನ್ನು ಬಲ್ಲರು. ಅದನ್ನು ಕಟ್ಟಿಸಿದ ಜೇಮ್ಸ್ ಸ್ಕಿನ್ನರನ ತಂದೆ ಸ್ಕಾಟ್, ತಾಯಿ ರಜಪೂತಳು. ಭಾರತೀಯ ತಾಯಿ ಅಥವಾ ತಂದೆಯುಳ್ಳವರಿಗೆ ಕಂಪನಿಯ ಅಧಿಕಾರದ ಹುದ್ದೆಗಳನ್ನು 1791ರ ಆಜ್ಞೆ ಮುಚ್ಚಿದ್ದರಿಂದ ಅವನು ಸಿಂಧಿಯಾ ಮಹಾರಾಜರ ಸೈನ್ಯ ಸೇರಿದ. ಆಮೇಲೆ ತಾನೇ ಕುದುರೆ ಪಡೆ ಕಟ್ಟಿ ಹಳದಿ ಉಡುಪು ತೊಡಿಸಿದ. ತಂದೆಯ ಚೌಕಳಿ ಸಿಗದವನು ತನ್ನದೇ ಬಣ್ಣ ಮಾಡಿಕೊಂಡ.

ಇದೇ ಬಾಗಿಲನ್ನು ನಮ್ಮ ಕಾಲದಲ್ಲಿ ತಟ್ಟಿದವರು ಕವಯಿತ್ರಿ ಜಾಕಿ ಕೇ. 1961ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದವರು. ಹೆತ್ತ ತಾಯಿ ಹೈಲ್ಯಾಂಡಿನವರು, ತಂದೆ ನೈಜೀರಿಯಾದ ಇಗ್ಬೊ ಜನಾಂಗದವರು. ಸಾಕಿದವರು ಗ್ಲಾಸ್ಗೋದ ಬಿಳಿಯ ದಂಪತಿಗಳು, ಕಾರ್ಮಿಕ ಚಳವಳಿಯವರು. ಅವರ ಆತ್ಮಕಥನ ‘ರೆಡ್ ಡಸ್ಟ್ ರೋಡ್’ (2010) ನಾವು ಓದಿದವುಗಳಲ್ಲೆಲ್ಲ ಮೇಲಾದದ್ದು. ಕಾಣದ ತಂದೆಯ ವಿಷಯವಾಗಿ ಸಾಕುತಾಯಿಯೂ ಮಗಳೂ ಸೇರಿ ಕಲ್ಪನೆಯ ಕತೆ ಕಟ್ಟಿಕೊಳ್ಳುತ್ತಿದ್ದರು. ಕೊನೆಗೆ 2003ರಲ್ಲಿ ಅಬುಜಾದ ಹೋಟೆಲಿನಲ್ಲಿ ನಿಜವಾದ ತಂದೆ ಸಿಕ್ಕಾಗ, ಮತಶ್ರದ್ಧೆಯಲ್ಲಿ ಮುಳುಗಿದ್ದ ಆತ ಮಗಳನ್ನು ಅಪ್ಪಿಕೊಳ್ಳುವ ಬದಲು ಗಂಟೆಗಟ್ಟಲೆ ಅವಳ ಪಾಪಪರಿಹಾರಕ್ಕೆ ಪ್ರಾರ್ಥಿಸುತ್ತಾನೆ. ಅವನಿಗೆ ಅವಳು ಹಳೆಯ ಪಾಪದ ಗುರುತು. ಇಂಥ ಸನ್ನಿವೇಶವನ್ನು ಲೇಖಕಿ ಕಹಿಯಿಲ್ಲದೆ, ಹಾಸ್ಯವನ್ನೂ ಬಿಡದೆ ಬರೆದಿರುವುದು ದೊಡ್ಡ ಸಂಗತಿ. ಆಮೇಲೆ ಅವರು ತಂದೆಯ ಊರಿನ ಕೆಂಪು ಮಣ್ಣಿನ ದಾರಿಯಲ್ಲಿ ನಡೆಯುತ್ತಾರೆ. ನಡೆದಷ್ಟು ನೆಲ ತಮ್ಮದೆನ್ನಿಸುತ್ತದೆ. ಹಾಗೆಂದು ಸಾಕಿದವರನ್ನು ಬಿಟ್ಟುಕೊಡುವುದಿಲ್ಲ. ರಕ್ತ ಒಂದು ದಾರ, ಸಾಕಣೆ ಇನ್ನೊಂದು; ಒಂದನ್ನು ಜಗ್ಗಿ ತೆಗೆದರೆ ಬಟ್ಟೆಯೇ ಬಿಚ್ಚಿಹೋಗುತ್ತದೆ ಎಂಬುದು ಇಡೀ ಪುಸ್ತಕದಿಂದ ನಾವು ಪಡೆದ ಭಾವ. ದಾರಿಯಲ್ಲಿ ‘ನೀನು ಎಲ್ಲಿಯವಳು?’ ಎಂಬ ಪ್ರಶ್ನೆಗೆ ಸದಾ ಉತ್ತರ ಹೇಳಬೇಕಾಗಿದ್ದ ಈ ಮಗಳೇ 2016ರಿಂದ 2021ರವರೆಗೆ ಸ್ಕಾಟ್ಲೆಂಡಿನ ರಾಷ್ಟ್ರಕವಿಯಾಗಿದ್ದರು. ಇನ್ವೆರೆಸ್ಕಿನ ಬಾಗಿಲು ತೆರೆಯಲು ಇನ್ನೂರು ವರ್ಷ ಹಿಡಿಯಿತು.

ಬಟ್ಟೆಯೂ ಬದಲಾಗುತ್ತಿದೆ. 1999ರಲ್ಲಿ ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಸರ್ದಾರರೊಬ್ಬರ ಆಸಕ್ತಿಯಿಂದ ‘ಸಿಂಗ್’ ಟಾರ್ಟನ್ ಬಂದಿತು. 2008ರಲ್ಲಿ ಯೆಹೂದ್ಯರ ಟಾರ್ಟನ್ ಬಂದಿತು. ಅವರ ಧರ್ಮದಲ್ಲಿ ಉಣ್ಣೆಗೆ ನಾರುಬಟ್ಟೆ ಬೆರೆಸಬಾರದೆಂಬ ನಿಯಮವಿರುವುದರಿಂದ ಅದನ್ನು ಆ ನಿಯಮಕ್ಕೆ ಸರಿಯಾಗಿ ನೇಯುತ್ತಾರೆ. 2009ರಲ್ಲಿ ಸರಕಾರಿ ಟಾರ್ಟನ್ ದಫ್ತರವೇ ಆರಂಭವಾಯಿತು. ಹೊಸ ನಮೂನೆಯಾಗಿರಬೇಕು, ಆ ಹೆಸರಿಗೂ ನಿಮಗೂ ಸಂಬಂಧವಿರಬೇಕು; ಶುಲ್ಕ ಕಟ್ಟಿ ಯಾರು ಬೇಕಾದರೂ ನೋಂದಾಯಿಸಬಹುದು. ಖೋಟಾ ಗ್ರಂಥದ ಮೇಲೆ ನಿಂತ ಪದ್ಧತಿ ಇಂದು ಬಚ್ಚಿಡದೆ ‘ಇದು ಈ ವರ್ಷ ಹುಟ್ಟಿದ್ದು’ ಎಂದು ತಾರೀಖು ಹಾಕಿಯೇ ಹೊಸದನ್ನು ಸೇರಿಸಿಕೊಳ್ಳುತ್ತಿದೆ. ಇದರಲ್ಲಿ ವ್ಯಾಪಾರವಿಲ್ಲವೆಂದಲ್ಲ. ಅಂಗಡಿಯವನಿಗೆ ಯಾವ ಕುಲವಾದರೂ ಒಂದೇ. ಆದರೂ ಮುಚ್ಚಿದ ಪಟ್ಟಿಗಿಂತ ತೆರೆದ ದಫ್ತರ ಮೇಲು. ಒಂದು ಎಚ್ಚರ ಮಾತ್ರ ಬೇಕು: ಹೊಸ ಚೌಕಳಿ ನೇಯ್ದ ಮಾತ್ರಕ್ಕೆ ಹಳೆಯ ಲೆಕ್ಕ ತೀರಿತೆಂದು ತಿಳಿಯಬಾರದು. ರಾಬರ್ಟನ ಸೀಳು ನಾಣ್ಯದ ನೆನಪು ಬಟ್ಟೆಯ ಜೊತೆಗೇ ಇರಬೇಕು.

ಈಗ ಅಜ್ಜಿಯ ಪ್ರಶ್ನೆಗೆ ಹಿಂತಿರುಗೋಣ. ಹಿಂತಿರುಗಿದಾಗ ನಮಗೆ ನಾಚಿಕೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಸ್ಕಾಟರ ಡೇರೆಯಲ್ಲಿ ಯಾರಿಗೆ ಜಾಗವಿದೆಯೆಂದು ವಿಚಾರಿಸುವ ನಾವು ನಮ್ಮ ಸಂಘದ ವಿದ್ಯಾರ್ಥಿವೇತನದ ಅರ್ಜಿಯನ್ನು ತೆಗೆದು ನೋಡಿದೆವು. ಅದರ ಮೂರನೆಯ ಸಾಲು: ‘ತಂದೆಯ ಮಾತೃಭಾಷೆ’. ತಾಯಿಯದಕ್ಕೆ ಸಾಲೇ ಇಲ್ಲ. ಮರಾಠಿಯವನನ್ನೋ ಗುಜರಾತಿಯವನನ್ನೋ ಮದುವೆಯಾದ ನಮ್ಮ ಹೆಣ್ಣುಮಕ್ಕಳ ಮಕ್ಕಳು, ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ಕಾಗುಣಿತ ಕಲಿಯುತ್ತಿರುವವರು, ಈ ಒಂದು ಸಾಲಿನಿಂದ ವರ್ಷಗಳ ಕಾಲ ಹೊರಗುಳಿದಿದ್ದಾರೆ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಯಾವಾಗಲೋ ಯಾರೋ ಅಚ್ಚು ಹಾಕಿಸಿದ ಅರ್ಜಿ. ಹಳೆಯದೆಂದು ಹಾಗೇ ಉಳಿದುಬಂತು. ತಾಯಿಯ ಬಳಿ ಹಿಡಿದು ಬದುಕಿದ ಮನೆಗಳಿಂದ ಬಂದವರೇ ನಮ್ಮಲ್ಲಿ ಅರ್ಧದಷ್ಟು ಇರುವಾಗ ಈ ಸಾಲು ನಮ್ಮ ಕಣ್ಣಿಗೆ ಬೀಳದೆಹೋದದ್ದು ಸೋಜಿಗ.

ಬರುವ ಮಹಾಸಭೆಯಲ್ಲಿ ಆ ಸಾಲನ್ನು ‘ತಂದೆಯ ಅಥವಾ ತಾಯಿಯ’ ಎಂದು ತಿದ್ದಬೇಕೆಂಬ ಸೂಚನೆಯನ್ನು ನಾವು ಮಂಡಿಸಲಿದ್ದೇವೆ. ಸದಸ್ಯರು ಅನುಮೋದಿಸಬೇಕೆಂದು ಕೋರುತ್ತೇವೆ. ವಿರೋಧಿಸುವವರ ಆತಂಕವನ್ನೂ ಬಲ್ಲೆವು: ಹೀಗೆ ಬಾಗಿಲು ತೆರೆದರೆ ಕನ್ನಡ ತೆಳುವಾಗುವುದಿಲ್ಲವೆ? ನಮ್ಮ ಓದು ಹೇಳುವುದು ಇಷ್ಟು: ಗುರುತು ತೆಳುವಾಗುವುದು ಬಂದವರಿಂದಲ್ಲ, ಬಂದವರಿಗೆ ಕಲಿಸದೆ ಇದ್ದುದರಿಂದ. ಮಗುವಿಗೆ ಬಳಿ ಯಾವುದೆಂದು ಕೇಳಿದ ಅಜ್ಜಿ ಈ ತಿಂಗಳಿಂದ ಭಾನುವಾರ ಭಾನುವಾರ ಗ್ಲಾಸ್ಗೋದ ಸೊಸೆಗೆ ಫೋನಿನಲ್ಲಿ ಮಾತು ಕಲಿಸುತ್ತಿದ್ದಾರೆಂದು ತಿಳಿದುಬಂತು. ಮೊದಲ ಪಾಠ, ಮನೆಗೆ ಬಂದವರನ್ನು ಒಳಗೆ ಕರೆಯುವ ಮಾತು: “ಬನ್ನಿ, ಕೂತುಕೊಳ್ಳಿ.”